ಎತ್ತರಿಸಿದ ಜೀಪೂ ವಾಲಿದ ಚುಕ್ಕಾಣಿಯೂ

ತೋಟದ ಹಾದಿಯ ಕಲ್ಲುಬಂಡೆಗಳು ಒಡಲಿಗೆ ತಗಲದಿರಲೆಂದು ಜೀಪನ್ನು ಮೂರು ನಾಲ್ಕು ಅಂಗುಲ ಎತ್ತರಿಸುವ ರೂಢಿಯುಂಟು. ಕಮಾನುಪಟ್ಟಿಗಳನ್ನು ಬದಲಿಸಿದರೆ ಕೆಲಸ ಮುಗಿಯಿತೆಂದು ಹಲವರ ಎಣಿಕೆ. ಆದರೆ ಆಮೇಲೆ ವಾಹನ ನೆಟ್ಟಗೆ ಹೋಗುತ್ತಿದ್ದರೂ ಚುಕ್ಕಾಣಿ ಚಕ್ರ ಒಂದು ಪಕ್ಕಕ್ಕೆ ವಾಲಿ ನಿಲ್ಲುತ್ತದೆ. ಮೈಸೂರಿನ ಲಕ್ಷ್ಮೀಪುರಂನ ಬೀದಿಯಲ್ಲಿ ನಿಧಾನವಾಗಿ ಹೋಗುವಾಗ ಇದು ಬರಿಯ ಅಂದಗೇಡಾಗಿ ತೋರಬಹುದು. ಹುಣಸೂರನ್ನು ದಾಟಿ ಮಡಿಕೇರಿಯ ತಿರುವುಗಳನ್ನು ಏರುವಾಗ ಪ್ರಾಣದ ಪ್ರಶ್ನೆಯೇ ಆದೀತು.

ಇದರ ಕಾರಣವನ್ನು ನಾವು ಶಾಲೆಯಲ್ಲಿ ಕಲಿತ ಭುಜ-ಕೋಟಿ-ಕರ್ಣಗಳಲ್ಲಿಯೇ ಕಾಣಬಹುದು. ಚುಕ್ಕಾಣಿಯ ಹಲ್ಲುಚಕ್ರಗಳ ಪೆಟ್ಟಿಗೆಯು ವಾಹನದ ಚೌಕಟ್ಟಿಗೆ ಬಿಗಿದಿದೆ. ಗಾಲಿಗಳಾದರೋ ಅಚ್ಚಿಗೆ ಸೇರಿವೆ. ಇವೆರಡನ್ನೂ ಕೂಡಿಸುವುದು ಡ್ರ್ಯಾಗ್ ಲಿಂಕ್ ಎಂಬ ಉಕ್ಕಿನ ಸರಳು. ಅದರ ಉದ್ದ 60 ಸೆಂಟಿಮೀಟರ್ ಎಂದೂ ಅಚ್ಚಿನ ಕಡೆಯ ತುದಿ 5 ಸೆಂಟಿಮೀಟರ್ ಕೆಳಗಿದೆಯೆಂದೂ ಇಟ್ಟುಕೊಳ್ಳೋಣ. ಆಗ ಅದರ ಅಡ್ಡದಳತೆ 59.8 ಸೆಂಟಿಮೀಟರ್. ಚೌಕಟ್ಟನ್ನು 10 ಸೆಂಟಿಮೀಟರ್ ಎತ್ತರಿಸಿದೊಡನೆ ಇಳಿಜಾರು 15 ಆಗಿ ಅಡ್ಡದಳತೆ 58.1ಕ್ಕೆ ಇಳಿಯುತ್ತದೆ. ಉಕ್ಕಿನ ಸರಳು ಹಿಗ್ಗಲಾರದಷ್ಟೆ. ಆದುದರಿಂದ ಗಾಲಿಗಳನ್ನು ನೆಟ್ಟಗಿಟ್ಟರೆ ಆ 1.7 ಸೆಂಟಿಮೀಟರಿನ ಕೊರತೆಯನ್ನು ಚುಕ್ಕಾಣಿಯೇ ತಿರುಗಿ ತುಂಬಬೇಕಾಗುತ್ತದೆ.

ಚುಕ್ಕಾಣಿ ಚಕ್ರವನ್ನು ಕಳಚಿ ನೆಟ್ಟಗೆ ಕೂರಿಸಿ ಕೈತೊಳೆದುಕೊಳ್ಳುವವರುಂಟು. ಇದನ್ನು ನಾವು ಒಪ್ಪಲಾರೆವು. ಪೆಟ್ಟಿಗೆಯೊಳಗಿನ ಹಲ್ಲುಗಳು ನಟ್ಟನಡುವೆ ಮಾತ್ರ ಅತಿ ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ನಡು ತಪ್ಪಿದರೆ ಸಡಿಲವೂ ಹೆಚ್ಚುವುದು, ಒಂದು ಪಕ್ಕಕ್ಕೆ ತಿರುಗುವಿಕೆಯೂ ಕುಗ್ಗುವುದು. ಸರಳಿನ ತಿರುಪನ್ನು ತಿರುಗಿಸಿ ಅದನ್ನೇ ಸುಮಾರು 1.6 ಸೆಂಟಿಮೀಟರ್ ಉದ್ದ ಮಾಡುವುದು ಸರಿಯಾದ ಕ್ರಮ.

ಹಾಗೆಂದು ದೋಷ ಪೂರ್ಣವಾಗಿ ಕಳೆಯಿತೆನ್ನುವಂತಿಲ್ಲ. ಉಬ್ಬಿನ ಮೇಲೆ ಹರಿದು ಅಚ್ಚು 5 ಸೆಂಟಿಮೀಟರ್ ಮೇಲೆದ್ದಿತೆನ್ನಿ. ಮೊದಲಿನ ಸ್ಥಿತಿಯಲ್ಲಿ ಸರಳು ಗಾಲಿಯನ್ನು ಕೇವಲ 2 ಮಿಲಿಮೀಟರ್ ತಳ್ಳುತ್ತಿತ್ತು; ಈಗ 10 ಮಿಲಿಮೀಟರಿಗೂ ಹೆಚ್ಚು ತಳ್ಳುತ್ತದೆ. ಚಾಲಕನ ಕೈ ಅಲುಗದಿದ್ದರೂ ವಾಹನ ತಾನಾಗಿಯೇ ಹೊರಳುತ್ತದೆ! ಸರಳು ಮತ್ತೆ ಮಲಗಿದಂತಾಗಬೇಕಾದರೆ ಪೆಟ್ಟಿಗೆಯಿಂದ ಇಳಿದ ಪಿಟ್‌ಮನ್ ತೋಳನ್ನು ಹೆಚ್ಚು ತಗ್ಗಿರುವುದಕ್ಕೆ ಬದಲಿಸಬೇಕು, ಇಲ್ಲವೆ ಸರಳಿನ ಅಚ್ಚಿನ ಕಡೆಯ ತುದಿಯನ್ನು ಮೇಲಕ್ಕೆ ತರಬೇಕು.

ಸೈಕಲ್ಲಿನ ಮುಂದಿನ ಕವಲು ಹಿಂದಕ್ಕೆ ಓರೆಯಾಗಿರುವಂತೆ, ಗಾಲಿ ತಿರುಗುವ ಕಿಂಗ್ ಪಿನ್ನೂ ಹಿಂದಕ್ಕೆ ವಾಲಿರುತ್ತದೆ. ತಿರುವಿನ ಬಳಿಕ ಚುಕ್ಕಾಣಿ ತಾನಾಗಿ ನೆಟ್ಟಗಾಗುವುದು ಈ ಕ್ಯಾಸ್ಟರ್ ಕೋನದಿಂದ. ಎತ್ತರಿಸುವಾಗ ಅಚ್ಚು ಹೊರಳಿ ಈ ಕೋನ ಕುಗ್ಗಿದ್ದರೆ ಅಚ್ಚಿಗೂ ಕಮಾನುಪಟ್ಟಿಗೂ ನಡುವೆ ಬೆಣೆಯಿಟ್ಟು ಸರಿಪಡಿಸುವರು.

ಎರಡು ಮುಂಗಾಲಿಗಳನ್ನೂ ಕೂಡಿಸುವ ಟೈ ರಾಡ್ ಮಾತ್ರ ಇಡಿಯಚ್ಚಿನ ಜೀಪಿನಲ್ಲಿ ಎತ್ತರಿಸುವುದರಿಂದ ಕೆಡುವುದಿಲ್ಲ. ಅದರ ಎರಡು ತುದಿಗಳೂ ಅಚ್ಚಿನೊಡನೆಯೇ ಇರುವುವು. ಈ ಏರ್ಪಾಡು ಸಾರೋಟಿನ ಕಾಲದ್ದು: ಮ್ಯೂನಿಕ್ಕಿನ ಲಾಂಕೆನ್‌ಸ್ಪರ್ಗರನು ಕಲ್ಪಿಸಿದ ಇದಕ್ಕೆ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದ ಆಕರ್‌ಮನ್ನನ ಹೆಸರೇ ನಿಂತಿತು.

ವಾಹನದ ಮೂಲ ವಿವರಗಳಿಗೆ ಭಿನ್ನವಾಗುವ ಮಾರ್ಪಾಟನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಕಮಾನುಪಟ್ಟಿಗೆ ಕೈಹಾಕುವ ಮುನ್ನವೇ ಇದನ್ನು ವಿಚಾರಿಸಿಕೊಳ್ಳಬೇಕು. ಸರಿಪಡಿಸುವಾಗ ಮೊದಲು ಬೆಣೆ, ಅನಂತರ ಟೈ ರಾಡಿನ ತಪಾಸಣೆ, ಕಡೆಗೆ ಡ್ರ್ಯಾಗ್ ಲಿಂಕಿನ ಉದ್ದ. ಹಿಂದುಮುಂದಾದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುವುದು. ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದ ಮೇಲೆ ತಿರುಪನ್ನು ಹಿಡಿದಿಡುವ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯತಕ್ಕದ್ದು.