ಕೃಷಿಹೊಂಡದಲ್ಲಿ ಮೀನು ಸಾಕಣೆ: ಮರಿ ಎಣಿಸುವ ಮೊದಲು ತಿಂಗಳು ಎಣಿಸಿರಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಸೀಮೆಗೆ ಮೀನು ಹೊಸದಲ್ಲ. ನದಿದಂಡೆಯ ಊರುಗಳಲ್ಲಿ ಹರಿಗೋಲು, ಬೀಸುಬಲೆಗಳಿಂದ ಮೀನು ಹಿಡಿಯುವ ಕಸಬು ತಲೆತಲಾಂತರದಿಂದ ನಡೆದು ಬಂದಿದೆ. ಆದರೆ ಹೊಲದ ಹೊಂಡದಲ್ಲಿ ಮೀನನ್ನು ಒಂದು ಬೆಳೆಯಂತೆ ಸಾಕಿ ಮಾರುವುದು ನಮ್ಮ ಬಹುಪಾಲು ರೈತರಿಗೆ ಹೊಸ ಕೆಲಸ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ತುಂಬಿಕೊಳ್ಳುವ ಹೊಂಡಗಳಿವೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಒಣಬೇಸಾಯದ ಹೊಲಗಳಲ್ಲಿಯೂ ಹೊಂಡಗಳಾಗಿವೆ. ಬೆಳೆಗೆಂದು ಕಾದಿಟ್ಟ ಈ ನೀರಿನಲ್ಲಿಯೇ ಮೀನನ್ನೂ ಬೆಳೆಯಬಹುದು.

ಹೊಸದಾಗಿ ಸಾಕುವವರು ಸಾಮಾನ್ಯವಾಗಿ ಕೇಳುವುದು, ‘ಎಷ್ಟು ಮರಿ ಬಿಡಬೇಕು?’ ಎಂದು. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ‘ನನ್ನ ಹೊಂಡದಲ್ಲಿ ನಾಲ್ಕೂವರೆ ಅಡಿಗೆ ಕಡಿಮೆಯಿಲ್ಲದಂತೆ ನೀರು ಎಷ್ಟು ತಿಂಗಳು ನಿಲ್ಲುತ್ತದೆ?’ ಮಿಕ್ಕ ಲೆಕ್ಕವೆಲ್ಲ ಈ ಒಂದು ಉತ್ತರದ ಮೇಲೆ ನಿಂತಿದೆ.

ನೀರಿನ ಲೆಕ್ಕ

ಕಾಲುವೆಯನ್ನೇ ನೆಚ್ಚಿ ಲೆಕ್ಕ ಹಾಕಬಾರದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಹೋಗಿ, ಸಂಗ್ರಹವಾಗಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಮಳೆ ಚೆನ್ನಾದ ವರ್ಷದಲ್ಲಿಯೂ ಕಾಲುವೆಯ ಕೊನೆಭಾಗಕ್ಕೆ ನೀರು ತಡವಾಗಿ ಬರುವುದುಂಟು. ಇದಲ್ಲದೆ ಹತ್ತಿ, ತೊಗರಿಗೆ ಹೊಂಡದಿಂದ ಒಂದೆರಡು ಬಾರಿ ನೀರು ಕೊಡಬೇಕಾಗುತ್ತದೆ. ಬೇಸಿಗೆಯ ಬಿಸಿಲಿಗೆ ಆವಿಯಾಗಿ ಹೋಗುವ ನೀರೂ ಕಡಿಮೆಯೇನಲ್ಲ. ಕಳೆದ ಎರಡು ವರ್ಷ ಹೊಂಡದ ನೀರು ಯಾವ ತಿಂಗಳಲ್ಲಿ ಎಷ್ಟಕ್ಕೆ ಇಳಿಯಿತೆಂಬುದನ್ನು ನೆನಪು ಮಾಡಿಕೊಂಡು ಹೀಗೆ ನಿರ್ಧರಿಸಿರಿ:

1. ನೀರು ಹತ್ತು ತಿಂಗಳು ಅಥವಾ ಹೆಚ್ಚು ನಿಲ್ಲುವುದಾದರೆ ಕಾಟ್ಲ, ರೋಹು, ಮೃಗಾಲ್ ಮೂರನ್ನೂ ಕೂಡಿಸಿ ಸಾಕಿರಿ.

2. ಆರರಿಂದ ಎಂಟು ತಿಂಗಳು ಮಾತ್ರ ನಿಲ್ಲುವುದಾದರೆ ನಾಲ್ಕು ಅಂಗುಲಕ್ಕಿಂತ ದೊಡ್ಡದಾದ, ಬಲಿತ ಮರಿಗಳನ್ನು ಕಡಿಮೆ ಸಂಖ್ಯೆಯಲ್ಲಿ ಬಿಡಿರಿ. ಕಾಟ್ಲ ಮತ್ತು ಸಾಮಾನ್ಯ ಗೆಂಡೆ ಇದಕ್ಕೆ ಒಗ್ಗುತ್ತವೆ.

3. ಆರು ತಿಂಗಳಿಗಿಂತ ಕಡಿಮೆಯಾದರೆ ತಿನ್ನುವ ಗಾತ್ರದ ಮೀನಿನ ಆಸೆಯನ್ನು ಆ ವರ್ಷಕ್ಕೆ ಬಿಡುವುದೇ ಲೇಸು.

ಎಷ್ಟು ಮರಿ?

ಎಕರೆ ನೀರಿಗೆ 2,000, ಅಂದರೆ ಗುಂಟೆಗೆ 50 ಮರಿಗಳು ಸಾಕು. ಆದರೆ ಹೊಂಡ ತುಂಬಿದಾಗಿನ ವಿಸ್ತೀರ್ಣವನ್ನು ಹಿಡಿಯಬಾರದು. ಉದಾಹರಣೆಗೆ 100 ಅಡಿ ಉದ್ದ, 100 ಅಡಿ ಅಗಲ, 10 ಅಡಿ ಆಳದ ಹೊಂಡ ತುಂಬಿದಾಗ ನೀರಿನ ಮೇಲ್ಮೈ ಸುಮಾರು 9 ಗುಂಟೆ. ಬದಿಗಳು ಅಡಿಗೆ ಒಂದು ಅಡಿ ಇಳಿಜಾರಿದ್ದರೆ, ನೀರು ನಾಲ್ಕು ಅಡಿ ಇಳಿದಾಗ ಅದು 92 ಅಡಿ ಚೌಕವಾಗಿ 8 ಗುಂಟೆಗೂ ತುಸು ಕಡಿಮೆ ಉಳಿಯುತ್ತದೆ. ಆದ್ದರಿಂದ ಇಲ್ಲಿ 400 ಮರಿಗಳಿಗೆ ಮೀರಬಾರದು: ಕಾಟ್ಲ 160, ರೋಹು 120, ಮೃಗಾಲ್ 120. ಕಾಟ್ಲ ಮೇಲುಸ್ತರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದರ ಆಹಾರಕ್ಕೆ ಇನ್ನೊಂದು ಹೆಚ್ಚು ಪೈಪೋಟಿ ಮಾಡುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಮೀನಿಗೂ ಸಲ್ಲುತ್ತದೆ. ಮರಿ ಹೆಚ್ಚಾದರೆ ಎಲ್ಲವೂ ಸಣ್ಣದಾಗಿಯೇ ಉಳಿಯುತ್ತವೆ.

ಮರಿಯ ಆಯ್ಕೆ

ಹಿಂದೆ ಗೆಂಡೆಮೀನಿನ ಮರಿಗಳನ್ನು ನದಿಗಳಿಂದಲೇ ಸಂಗ್ರಹಿಸಬೇಕಿತ್ತು. ಅದರಲ್ಲಿ ಮರಿಭಕ್ಷಕ ಮೀನುಗಳೂ ಬೆರೆತಿರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದು ನೀಡಿ ಗೆಂಡೆಮೀನಿನಿಂದ ಮೊಟ್ಟೆ ಇಡಿಸಿದ ಮೇಲೆ ಶುದ್ಧ ಜಾತಿಯ ಮರಿ ಸಿಗುವ ದಾರಿ ತೆರೆಯಿತು. ಆದ್ದರಿಂದ ನಂಬಿಕೆಯ ಮೀನುಮರಿ ಉತ್ಪಾದನಾ ಕೇಂದ್ರದಿಂದಲೇ ಮರಿ ತರಬೇಕು. ಒಂದು ಅಂಗುಲದ ಮರಿ ಅಗ್ಗವೆಂದು ಕೊಳ್ಳಬಾರದು. ಕಪ್ಪೆ, ಹಾವು, ಕೊಕ್ಕರೆಗಳ ಪಾಲಾಗುವುದೇ ಹೆಚ್ಚು. ಮೂರರಿಂದ ನಾಲ್ಕು ಅಂಗುಲದ ಮರಿಗೆ ಬೆಲೆ ಹೆಚ್ಚಾದರೂ ಉಳಿಯುವುದು ಹೆಚ್ಚು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧವಿದೆ. ಯಾರು ಆಸೆ ತೋರಿಸಿದರೂ ತರಬಾರದು.

ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ, ಮರಿಯ ಚೀಲವನ್ನು ಬಾಯಿ ಬಿಚ್ಚದೆ 15–20 ನಿಮಿಷ ಹೊಂಡದಲ್ಲಿ ತೇಲಿಬಿಡಿರಿ. ಅನಂತರ ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ಸೇರಿಸಿ, ಮರಿಗಳು ತಾವಾಗಿಯೇ ಹೊರಬರಲು ಬಿಡಿರಿ.

ಹೊಂಡದ ತಯಾರಿ, ಗೊಬ್ಬರ

ಬೇಸಿಗೆಯಲ್ಲಿ ಹೊಂಡವನ್ನು ಪೂರ್ತಿ ಒಣಗಿಸಿದರೆ ಕೊರವದಂಥ ಮರಿಭಕ್ಷಕ ಮೀನುಗಳು ನಾಶವಾಗುತ್ತವೆ. ನೀರು ಬರುವ ಬಾಯಿಗೆ ಸಣ್ಣಕಣ್ಣಿನ ಬಲೆ ಕಟ್ಟಬೇಕು. ನಮ್ಮ ಎರೆಮಣ್ಣು ಸಾಮಾನ್ಯವಾಗಿ ಕ್ಷಾರಗುಣದ್ದು. ಮಲೆನಾಡಿನ ಹುಳಿಮಣ್ಣಿಗೆ ಹೇಳಿದ ಸುಣ್ಣದ ಪ್ರಮಾಣವನ್ನು ಮಣ್ಣು, ನೀರಿನ ಪರೀಕ್ಷೆಯಿಲ್ಲದೆ ಇಲ್ಲಿ ಹಾಕುವುದು ತಪ್ಪು. ನೀರು ಕ್ಷಾರವಾದಷ್ಟೂ ಅದರಲ್ಲಿನ ಅಮೋನಿಯಾ ಮೀನಿಗೆ ಹೆಚ್ಚು ವಿಷವಾಗುವುದರಿಂದ ಯೂರಿಯಾವನ್ನೂ ಮನಬಂದಂತೆ ಎರಚಬಾರದು.

ಮರಿ ಬಿಡುವ 15 ದಿನ ಮೊದಲು ಗುಂಟೆಗೆ 20 ಕಿ.ಗ್ರಾಂ., ಅನಂತರ ತಿಂಗಳಿಗೆ 10 ಕಿ.ಗ್ರಾಂ. ಸಗಣಿಯನ್ನು ನೀರಿನಲ್ಲಿ ಕದಡಿ ಹಾಕಿರಿ. ಇದರಿಂದ ಮೀನಿಗೆ ಆಹಾರವಾದ ಸೂಕ್ಷ್ಮಜೀವಿಗಳು ಬೆಳೆದು ನೀರು ತಿಳಿಹಸಿರಾಗುತ್ತದೆ. ಅಳತೆಗೆ ನಿಮ್ಮ ಕೈಯೇ ಸಾಕು. ಮೊಣಕೈವರೆಗೆ ನೀರಿನಲ್ಲಿ ಇಳಿಸಿದಾಗ ಅಂಗೈ ಮರೆಯಾದರೆ ಸರಿ. ಆಗಲೂ ನಿಚ್ಚಳವಾಗಿ ಕಂಡರೆ ಗೊಬ್ಬರ ಸಾಲದು. ಮಣಿಕಟ್ಟು ಮುಳುಗುವಷ್ಟರಲ್ಲೇ ಮರೆಯಾದರೆ ಗೊಬ್ಬರ ಅತಿಯಾಗಿದೆ, ಕೂಡಲೇ ನಿಲ್ಲಿಸಿರಿ.

ಮೇವು

ಮಾನ್ವಿ, ರಾಯಚೂರಿನ ಅಕ್ಕಿ ಗಿರಣಿಗಳಲ್ಲಿ ಸಿಗುವ ತೌಡು ಮತ್ತು ಶೇಂಗಾ ಹಿಂಡಿಯನ್ನು ಸಮಭಾಗ ಬೆರೆಸಿ, ಸಣ್ಣ ತೂತುಗಳಿರುವ ಚೀಲದಲ್ಲಿ ತುಂಬಿ ನೀರಿನಲ್ಲಿ ತೂಗಬಿಡಿರಿ. ತಿಂಗಳಿಗೊಮ್ಮೆ ಇಪ್ಪತ್ತು ಮೀನು ಹಿಡಿದು ತೂಗಿರಿ. ಅವು 2 ಕಿ.ಗ್ರಾಂ. ಇದ್ದರೆ ಸರಾಸರಿ 100 ಗ್ರಾಂ. ಹೊಂಡದಲ್ಲಿ 300 ಉಳಿದಿವೆಯೆಂದರೆ ಒಟ್ಟು 30 ಕಿ.ಗ್ರಾಂ. ಅದರ ನೂರಕ್ಕೆ ಮೂರರಂತೆ ದಿನಕ್ಕೆ 900 ಗ್ರಾಂ ಮೇವು ಕೊಡಿರಿ.

ಅಪಾಯಗಳು ಮೂರು

ಮೊದಲನೆಯದು ಕೀಟನಾಶಕ. ಸೈಪರ್‌ಮೆಥ್ರಿನ್‌ನಂಥ ಔಷಧಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನನ್ನು ಕೊಲ್ಲುತ್ತವೆ. ಸಿಂಪರಣೆ ಮಾಡಿದ ಭತ್ತದ ಗದ್ದೆಯ ಬಸಿನೀರನ್ನು ಹೊಂಡಕ್ಕೆ ಹರಿಸಬಾರದು. ಸಿಂಪರಣೆ ಪಂಪನ್ನು ಹೊಂಡದಲ್ಲಿ ತೊಳೆಯಬಾರದು.

ಎರಡನೆಯದು ಉಸಿರುಗಟ್ಟುವುದು. ಮೋಡ ಕವಿದ ದಿನಗಳ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆಯೆಂದು ತಿಳಿಯಿರಿ. ಗೊಬ್ಬರ, ಮೇವು ನಿಲ್ಲಿಸಿ, ಪಂಪಿನಿಂದ ನೀರನ್ನು ಮೇಲೆತ್ತಿ ಹೊಂಡಕ್ಕೇ ಚಿಮ್ಮಿಸಿರಿ.

ಮೂರನೆಯದು ಮನುಷ್ಯರ ಜೀವದ್ದು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡಕ್ಕೆ ಜಾರಿ ಬಿದ್ದರೆ ಈಜು ಬಲ್ಲವರಿಗೂ ಮೇಲೆ ಹತ್ತುವುದು ಕಷ್ಟ. ಸುತ್ತಲೂ ಬೇಲಿ, ನಾಲ್ಕೂ ಬದಿಗೆ ಗೂಟಕ್ಕೆ ಬಿಗಿದ ಗಂಟಿನ ಹಗ್ಗ ಇಲ್ಲದೆ ಮರಿ ಬಿಡುವ ಮಾತೇ ಬೇಡ.

ಮಾರಾಟ

ಎಲ್ಲವನ್ನೂ ಒಂದೇ ದಿನ ಹಿಡಿಯದೆ, ದೊಡ್ಡವನ್ನು ಮೊದಲು ಹಿಡಿದು ಸಂತೆಯ ದಿನ ಮಾರುತ್ತ ಬನ್ನಿರಿ. ನೀರು ನಾಲ್ಕೂವರೆ ಅಡಿಗೆ ಇಳಿಯುವ ಮುನ್ನವೇ ಎಳೆಬಲೆಯವರನ್ನು ಗೊತ್ತುಮಾಡಿರಿ. ನೀರು ಬತ್ತಿದ ಮೇಲೆ ಹಿಡಿದರೆ ಕೊಳ್ಳುವವರು ಹೇಳಿದ್ದೇ ಬೆಲೆ. 300 ಮೀನು ತಲಾ 600 ಗ್ರಾಂ ಬೆಳೆದರೆ 180 ಕಿ.ಗ್ರಾಂ. ಆಗುತ್ತದೆ. ಇದು ಲೆಕ್ಕಕ್ಕೆ ಕೊಟ್ಟ ಉದಾಹರಣೆಯೇ ಹೊರತು ಭರವಸೆಯಲ್ಲ. ಮರಿ, ಮೇವಿನ ಖರ್ಚನ್ನು ಇದರ ಬೆಲೆಯ ಎದುರಿಗೆ ಬರೆದು ನೋಡಿ ಮುಂದುವರಿಯಿರಿ.

ಕಿಸಾನ್ ಕ್ರೆಡಿಟ್ ಕಾರ್ಡಿನ ಸೌಲಭ್ಯವನ್ನು 2018–19ರಲ್ಲಿ ಮೀನು ಸಾಕಣೆಗೂ ವಿಸ್ತರಿಸಲಾಗಿದೆ. ಸಾಲ, ಸಹಾಯಧನ ಮತ್ತು ಮರಿಗಾಗಿ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮುಂಗಾರಿಗೆ ಮೊದಲೇ ವಿಚಾರಿಸಿರಿ. ಅಲ್ಲಿಗೆ ಹೋಗುವಾಗ ಹೊಂಡದ ಅಳತೆಯನ್ನೂ ನೀರು ನಿಲ್ಲುವ ತಿಂಗಳುಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.