ಕಡವೆಗೆ ಎಷ್ಟು ಜೂಲ್? ಹಳೆಯ ಕೊಯಮತ್ತೂರಿನ ಕೋವಿ ಲೆಕ್ಕ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಇಂದು ಹವ್ಯಾಸಕ್ಕೆಂದು ಕಾನೂನುಬದ್ಧವಾಗಿ ಹೊಡೆಯಬಹುದಾದ ಜಿಂಕೆಗಳ ಸಂಖ್ಯೆ 0. ಮೊದಲು ಇದನ್ನು ಬರೆದಿಟ್ಟುಕೊಂಡೇ ಮುಂದಿನ ಲೆಕ್ಕಕ್ಕೆ ಇಳಿಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಹೊಸದರಲ್ಲಿ ಪರವಾನಗಿ ಪಡೆದು ಬೇಟೆಯಾಡಲು ಅವಕಾಶ ಉಳಿದಿತ್ತು; 1991ರ ತಿದ್ದುಪಡಿ ಅದನ್ನೂ ಕಿತ್ತುಹಾಕಿತು. ಪೊಳ್ಳಾಚಿ, ವಾಲ್ಪಾರೈ, ಉಡುಮಲೈ ಸೀಮೆಯ ಕಾಡು ಈಗ ಆನೈಮಲೈ ಹುಲಿ ಸಂರಕ್ಷಿತ ಪ್ರದೇಶ. ಅದರ ತಿರುಳು ಭಾಗವೇ 958.59 ಚದರ ಕಿ.ಮೀ.

ಕೋವಿಯ ಲೆಕ್ಕ ಸಿಗುವುದು ಹಳೆಯ ಕೊಯಮತ್ತೂರಿನಲ್ಲಿ. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ, ಈರೋಡು ಬೇರೆಯಾದದ್ದು 1979ರಲ್ಲಿ. ಅದಕ್ಕೂ ಹಿಂದೆ, 1956ರ ನವೆಂಬರ್ 1ರವರೆಗೆ, ನಮ್ಮ ಕೊಳ್ಳೇಗಾಲವೂ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕೇ. ಬೇಟೆಗಾರ ಕೆನೆತ್ ಆಂಡರ್ಸನ್ ಸುತ್ತಾಡಿದ ತಾಣಗಳಲ್ಲಿ ಈ ಸೀಮೆಯೂ ಸೇರಿತ್ತು. ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದವರಿಗೆ ಆತನ ಹೆಗಲಿನ ವಿಂಚೆಸ್ಟರ್ ನೆನಪಿರುತ್ತದೆ. ಅದು .405 ಬೋರಿನದು.

ಎಲ್ಲಕ್ಕೂ ಒದಗುವ ಒಂದೇ ಕೋವಿ ಬೇಕು ಎಂಬ ಆಸೆ ಈ ಕಾಡಿನಲ್ಲಿ ಸುಲಭಕ್ಕೆ ಕೈಗೂಡುವಂಥದ್ದಲ್ಲ. ಕಾಡುಕುರಿ ತೂಗುವುದು 20ರಿಂದ 28 ಕಿಲೋ. ದೊಡ್ಡ ಚುಕ್ಕೆ ಜಿಂಕೆ ಗಂಡು 70ರಿಂದ 90 ಕಿಲೋ. ಬಲಿತ ಗಂಡು ಕಡವೆ 225 ಕಿಲೋ ದಾಟಿ 300ರ ಆಚೆಗೂ ಹೋಗುತ್ತದೆ. ಇವೆಲ್ಲ ಒಂದೇ ಕುಟುಂಬದವು, ಆದರೆ ತೂಕದಲ್ಲಿ ಹತ್ತು ಪಟ್ಟು ಅಂತರ. ಕಡವೆಗೆಂದು ತಂದ ಗುಂಡು ಕಾಡುಕುರಿಯ ಅರ್ಧ ಮಾಂಸವನ್ನೇ ಹಾಳುಮಾಡೀತು.

ಕೊಳ್ಳುವವನ ಕೈ ಕಟ್ಟಿದ್ದು ಮಾತ್ರ ತೂಕವಲ್ಲ, ಸರ್ಕಾರ. ಸೈನ್ಯದ ತೋಟಾ ಊರಿನವರ ಕೋವಿಗೆ ಹೊಂದಬಾರದೆಂಬುದು ಬ್ರಿಟಿಷರ ಹಟ. 20ನೇ ಶತಮಾನದ ಮೊದಲ ದಶಕದಲ್ಲಿ ಅವರು .450 ಬೋರನ್ನು ಭಾರತಕ್ಕೆ ತರುವುದನ್ನೇ ತಡೆದಾಗ ಲಂಡನ್ನಿನ ಕೋವಿ ತಯಾರಕರು .470ರಂಥ ಹೊಸ ಅಳತೆಗಳನ್ನು ಹುಟ್ಟಿಸಿದರು. ಸೈನ್ಯದ .303 ಇಂದಿಗೂ ನಿಷೇಧಿತ ಬೋರ್. 2016ರ ಶಸ್ತ್ರಾಸ್ತ್ರ ನಿಯಮಗಳೂ ಅದನ್ನು ಹಾಗೇ ಉಳಿಸಿಕೊಂಡಿವೆ. ಈ ಸಂದಿಯಲ್ಲಿ ಬೆಳೆದದ್ದು .315. ಲೀ-ಎನ್‌ಫೀಲ್ಡಿನ ಮೈಗೆ ಆಸ್ಟ್ರಿಯಾದ ಹಳೆಯ 8 ಮಿ.ಮೀ. ಮಾನ್ಲಿಕರ್ ತೋಟಾ ಹೊಂದಿಸಿ ಇಶಾಪುರದ ಕಾರ್ಖಾನೆ ಮಾಡಿದ ಕೋವಿ ಅದು. ಜಗತ್ತು ಮರೆತ ತೋಟಾ ಭಾರತದಲ್ಲಿ ಬದುಕಿ ಉಳಿದದ್ದು ಅದರ ಗುಣದಿಂದಲ್ಲ, ಕಾನೂನಿನ ದಯೆಯಿಂದ.

ಗುಣ ಎಷ್ಟೆಂದು ನೋಡೋಣ. .315ರ ಗುಂಡು ಸುಮಾರು 15.8 ಗ್ರಾಂ, ನಳಿಗೆ ಬಿಡುವಾಗಿನ ವೇಗ ಸೆಕೆಂಡಿಗೆ 620 ಮೀಟರಿನ ಆಸುಪಾಸು, ಶಕ್ತಿ ಸುಮಾರು 3,000 ಜೂಲ್. ಆಂಡರ್ಸನ್ನನ .405ರದ್ದು 19.4 ಗ್ರಾಂ, 670 ಮೀಟರ್, 4,370 ಜೂಲ್. ಅಮೆರಿಕದ .30-06 ತೋಟಾದ್ದು 11.7 ಗ್ರಾಂ, 823 ಮೀಟರ್, 3,950 ಜೂಲ್. ಜಿಮ್ ಕಾರ್ಬೆಟ್ ಮೆಚ್ಚಿದ .275 ರಿಗ್ಬಿ 9 ಗ್ರಾಮಿನ ಗುಂಡಿನಲ್ಲೇ 3,000 ಜೂಲ್ ಮುಟ್ಟಿಸುತ್ತದೆ. .315ಕ್ಕೂ ಇದಕ್ಕೂ ಜೂಲ್ ಒಂದೇ, ಗುಂಡಿನ ತೂಕ ಮಾತ್ರ ಹೆಚ್ಚುಕಡಿಮೆ ಅರ್ಧ.

ಈ ಅಂಕಿಗಳನ್ನು ಸ್ಕಾಟ್ಲೆಂಡಿನ ಕಾನೂನಿಗೆ ಹಿಡಿದರೆ ತಮಾಷೆಯಾಗುತ್ತದೆ. ಅಲ್ಲಿನ ಕೆಂಜಿಂಕೆಗೆ 1985ರ ಆದೇಶ ಕೇಳಿದ್ದು ಕನಿಷ್ಠ 2,373 ಜೂಲ್ ಶಕ್ತಿ ಮತ್ತು ಸೆಕೆಂಡಿಗೆ 2,450 ಅಡಿ, ಅಂದರೆ 747 ಮೀಟರ್ ವೇಗ. ಶಕ್ತಿಯಲ್ಲಿ .315 ಪಾಸು, ವೇಗದಲ್ಲಿ ನಪಾಸು. .405 ಕೂಡ ನಪಾಸು! ನರಭಕ್ಷಕ ಹುಲಿಗಳನ್ನು ಮಲಗಿಸಿದ ರೈಫಲಿಗೆ ಸ್ಕಾಟಿಷ್ ಗುಡ್ಡದಲ್ಲಿ ಜಿಂಕೆಯ ಮೇಲೆ ಈಡು ಹಾರಿಸುವ ಅರ್ಹತೆಯಿಲ್ಲ. ಆ ಕಾನೂನು ಬೋಳು ಗುಡ್ಡಗಳಿಗೆ ಬರೆದದ್ದು. ಅಲ್ಲಿ ಹೊಡೆತ ದೂರದ್ದು, ವೇಗವಿಲ್ಲದ ಗುಂಡು ಬೇಗ ಕೆಳಗಿಳಿಯುತ್ತದೆ. 250 ಮೀಟರಿನಲ್ಲಿ .30-06 ಅರ್ಧ ಮೀಟರಿಗಿಂತ ತುಸು ಹೆಚ್ಚು ಬಿದ್ದರೆ .315 ಒಂದು ಮೀಟರಿಗೂ ಮಿಕ್ಕಿ ಬೀಳುತ್ತದೆ. ಲಂಟಾನ, ಬಿದಿರು ಹೆಣೆದುಕೊಂಡ ಸತ್ಯಮಂಗಲದ ಕಾಡಿನಲ್ಲಿ 250 ಮೀಟರ್ ಕಣ್ಣಿಗೆ ಸಿಕ್ಕುವುದೇ ಅಪರೂಪ. 80 ಮೀಟರಿನಲ್ಲಿ ಆ ಇಳಿತ ಕ್ರಮವಾಗಿ 5 ಮತ್ತು 9 ಸೆಂ.ಮೀ. ಹಿಂಗುರಿ ಸರಿ ಹೊಂದಿಸಿದವನಿಗೆ ಇದು ಲೆಕ್ಕಕ್ಕೇ ಇಲ್ಲ.

ನಳಿಗೆಯ ಉದ್ದದ ಜಗಳವೂ ಇಲ್ಲಿಯೇ ತೀರುತ್ತದೆ. ಉದ್ದ ನಳಿಗೆಯಲ್ಲಿ ಮದ್ದಿನ ಅನಿಲ ಗುಂಡನ್ನು ಹೆಚ್ಚು ಹೊತ್ತು ತಳ್ಳುತ್ತದೆ, ವೇಗ ಏರುತ್ತದೆ, ಇದು ನಿಜ. .30-06ರ ವರ್ಗದಲ್ಲಿ ಇಂಚಿಗೆ ಸುಮಾರು 25 ಅಡಿ ವೇಗ ಎಂಬುದು ವಾಡಿಕೆಯ ಅಂದಾಜು. 24 ಇಂಚಿನ ನಳಿಗೆಯನ್ನು 20 ಇಂಚಿಗೆ ಇಳಿಸಿದರೆ ಸೆಕೆಂಡಿಗೆ 100 ಅಡಿ, ಅಂದರೆ 30 ಮೀಟರ್ ಹೋಯಿತು. 3,950 ಜೂಲ್ ಇದ್ದದ್ದು 3,670ರ ಹತ್ತಿರಕ್ಕೆ ಬಂತು, ನೂರಕ್ಕೆ ಏಳರಷ್ಟು ನಷ್ಟ. 80 ಮೀಟರಿನಲ್ಲಿ ಗುಂಡು ಹೆಚ್ಚುವರಿಯಾಗಿ ಬೀಳುವುದು ನಾಲ್ಕು ಮಿಲಿಮೀಟರ್. ನಾಲ್ಕು ಮಿಲಿಮೀಟರಿಗಾಗಿ ನಾಲ್ಕು ಇಂಚು ಕಬ್ಬಿಣವನ್ನು ಮುಳ್ಳುಪೊದೆಯಲ್ಲಿ ಸಿಕ್ಕಿಸಿಕೊಳ್ಳುತ್ತ ನಡೆಯುವುದು ನನಗಂತೂ ದಡ್ಡತನ ಅನ್ನಿಸುತ್ತದೆ. ವಾಲ್ಪಾರೈ ಮೇಲಿನ ಗ್ರಾಸ್ ಹಿಲ್ಸ್‌ನಂಥ ಬಯಲು ಹುಲ್ಲುಗಾವಲಿನ ಮಾತು ಬೇರೆ. ಅಲ್ಲಿ ಉದ್ದ ನಳಿಗೆಗೆ ಕೂಲಿ ಗಿಟ್ಟುತ್ತದೆ. ಗಿಡ್ಡ ನಳಿಗೆಯ ನಿಜವಾದ ಬೆಲೆ ವೇಗವಲ್ಲ, ಸದ್ದು ಮತ್ತು ಮುಸ್ಸಂಜೆಯಲ್ಲಿ ಕಣ್ಣು ಕತ್ತಲೆಗಟ್ಟಿಸುವ ಬೆಂಕಿ.

ಹಿಂಬಡಿತವನ್ನೂ ಸೇರಿಸಿ. ಹೆಚ್ಚುಕಡಿಮೆ ಒಂದೇ ತೂಕದ ಕೋವಿಗಳಲ್ಲಿ .405 ಹೆಗಲಿಗೆ ಕೊಡುವ ಪೆಟ್ಟು .275ರದ್ದರ ಎರಡರಷ್ಟಾದರೂ ಇರುತ್ತದೆ. ಬರೀ ಜಿಂಕೆಗಾದರೆ .275, ದಾರಿಯಲ್ಲಿ ಹುಲಿಯೋ ಕಾಟಿಯೋ ಎದುರಾಗುವ ಭಯವಿದ್ದರೆ .405. ಅಂದಿನ ಕಾಡಿಗೆ ಇದಕ್ಕಿಂತ ಸರಳ ಉತ್ತರ ನನಗೆ ಕಾಣದು.

ಈಗಿನ ಅಂಕಿಗಳು ಬೇರೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದಿವೆ. ಪರವಾನಗಿಯಿಲ್ಲದ ಕೋವಿ ಸಿಕ್ಕರೆ 2ರಿಂದ 5 ವರ್ಷ ಜೈಲು. ವನ್ಯಜೀವಿ ಕಾಯ್ದೆಯ ಸಾಮಾನ್ಯ ಅಪರಾಧಕ್ಕೆ ದಂಡದ ಮಿತಿ 2022ರಲ್ಲಿ 25,000 ರೂಪಾಯಿಯಿಂದ 1 ಲಕ್ಷಕ್ಕೆ ಏರಿತು.

ಗುಂಡಿನ ಮಾತು ಮತ್ತೆ ಎದ್ದಿರುವುದು ಕಾಡುಹಂದಿಯ ನೆಪದಲ್ಲಿ. ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಪ್ರಕಟಿಸಿದ ಕ್ರಮದಂತೆ ಕಾಡಂಚಿನಿಂದ 1 ಕಿ.ಮೀ. ಒಳಗೆ ಹೊಡೆಯುವಂತಿಲ್ಲ, 1ರಿಂದ 3 ಕಿ.ಮೀ.ವರೆಗೆ ಹಿಡಿದು ಕಾಡಿಗೆ ಬಿಡಬೇಕು, 3 ಕಿ.ಮೀ. ದಾಟಿದರೆ ಅರಣ್ಯ ಇಲಾಖೆಯ ತರಬೇತಾದ ಸಿಬ್ಬಂದಿ ಗುಂಡು ಹಾರಿಸಬಹುದು, ರೈತ ಹಾರಿಸುವಂತಿಲ್ಲ. ರೈತರ ತೋಟಗಳ ನಡುವೆ ಹೆಚ್ಚು ಜೂಲ್ ಎಂದರೆ ಹೆಚ್ಚು ಅಪಾಯ: ಗುರಿ ತಪ್ಪಿ ಮೇಲಕ್ಕೆ ಹಾರಿದ .30-06 ಗುಂಡು 3 ಕಿ.ಮೀ. ಮೀರಿಯೂ ಹೋಗಬಲ್ಲದು. ಊರು, ಪಂಪ್‌ಸೆಟ್ ಮನೆ, ತೆಂಗಿನ ತೋಟ ಒತ್ತೊತ್ತಾಗಿರುವ ತೊಂಡಾಮುತ್ತೂರು ಕಡೆ ನಾನಾದರೆ 12 ಬೋರಿನ ನಯನಳಿಗೆ ಕೋವಿಯನ್ನೇ ಕೇಳುತ್ತೇನೆ. ಅದರ ದಪ್ಪ ಚರೆಯ ಎಲ್‌ಜಿ ತೋಟಾಕ್ಕೆ 30-40 ಮೀಟರಿನಾಚೆ ನೆಚ್ಚುವ ಬಲವಿಲ್ಲ.