ಹೆರಿಗೆ ನೋವಿಗೆ ಅಂಗೈಯ ಒತ್ತಾಸೆ

ಮಾಲೂರಿನ ಕಡೆ ಹೆರಿಗೆಗೆ ಹೊರಟವಳ ಹಿಂದೆ ತಾಯಿಯೋ ಅತ್ತೆಯೋ ಚಿಕ್ಕಮ್ಮನೋ ಇದ್ದೇ ಇರುತ್ತಾರೆ. ಆದರೆ ಆಸ್ಪತ್ರೆಗೆ ಬಂದ ಮೇಲೆ ಅವರು ವರಾಂಡದಲ್ಲೇ ಕೂರಬೇಕಿತ್ತು. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಜೊತೆಗಾತಿಯನ್ನು ಬಿಡಬಹುದೆಂದು ಹೇಳಿತು. ಆ ಜೊತೆಗಾತಿ ತಾನೂ ಹೆತ್ತವಳಾದರೆ ಒಳ್ಳೆಯದು ಎಂದಿತು. ಒಳಗೆ ಹೋದವರು ಧೈರ್ಯ ಹೇಳುವುದರ ಜೊತೆಗೆ ಇನ್ನೊಂದು ಕೆಲಸ ಮಾಡಬಹುದು: ಸೊಂಟ ನೋವನ್ನು ಕೈಯಿಂದಲೇ ತಗ್ಗಿಸಬಹುದು.

ಬಿಗಿಯುವುದು ಗರ್ಭಕೋಶ, ಸೊಂಟ ಯಾಕೆ ನೋಯಬೇಕು? ಗರ್ಭಕೋಶದ ನರಗಳು ಬೆನ್ನುಹುರಿಯನ್ನು ಸೇರುವ ಮಟ್ಟಕ್ಕೇ ಕೆಳಬೆನ್ನಿನ ನರಗಳೂ ಬಂದು ಸೇರುತ್ತವೆ. ನೋವು ಎಲ್ಲಿಂದ ಬಂತೆಂದು ಮೆದುಳಿಗೆ ಸರಿಯಾಗಿ ತಿಳಿಯುವುದಿಲ್ಲ. ಕೆಳಗಿಳಿಯುವ ಮಗುವಿನ ತಲೆ ಸೊಂಟದ ಕೀಲುಗಳನ್ನು ಒತ್ತುವುದೂ ಇದಕ್ಕೆ ಕೂಡಿಕೊಳ್ಳುತ್ತದೆ. ಸೊಂಟ ನೋವು ಜಾಸ್ತಿಯಾದರೆ ಮಗು ತಿರುವುಮುರುವಾಗಿದೆ ಎಂದು ಹೆದರಬೇಕಿಲ್ಲ. ನೋವೊಂದರಿಂದಲೇ ಅದನ್ನು ಹೇಳಲಾಗದು.

ಒತ್ತಿದರೆ ನೋವು ಕಡಿಮೆಯಾಗುವುದೇಕೆ ಎಂಬುದಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಒಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ನೋವಿಗೆ ಒಂದು ಬಾಗಿಲಿದೆ ಎಂಬುದು ಅವರ ಸಿದ್ಧಾಂತ. ಮಂದವಾದ ನೋವನ್ನು ಒಯ್ಯುವ ಸಣ್ಣ ನರತಂತುಗಳ ವೇಗ ಸೆಕೆಂಡಿಗೆ ಸುಮಾರು 1–2 ಮೀಟರ್. ಸ್ಪರ್ಶ, ಒತ್ತಡಗಳನ್ನು ಒಯ್ಯುವ ದಪ್ಪ ತಂತುಗಳ ವೇಗ 30 ಮೀಟರಿಗೂ ಹೆಚ್ಚು. ದಪ್ಪ ತಂತುಗಳು ಚುರುಕಾದಾಗ ಬಾಗಿಲು ಅರ್ಧ ಮುಚ್ಚಿ, ಮೆದುಳಿಗೆ ತಲುಪುವ ನೋವು ತಗ್ಗುತ್ತದೆ. ಸಿದ್ಧಾಂತ ಆಮೇಲೆ ಸಾಕಷ್ಟು ತಿದ್ದುಪಡಿ ಕಂಡಿದೆ, ಮೂಲ ವಿಚಾರ ಉಳಿದಿದೆ.

ಮಾಡುವ ಬಗೆ ಹೀಗೆ. ಗರ್ಭಿಣಿ ಕುರ್ಚಿಯ ಬೆನ್ನಿಗೋ ಮಂಚದ ಅಂಚಿಗೋ ಮುಂದಕ್ಕೆ ಒರಗಲಿ. ಸೊಂಟದ ಕೆಳಗೆ, ಎರಡು ಪಿರ್ರೆಗಳ ನಡುವೆ ಮೇಲ್ಗಡೆ ಕೈಗೆ ಸಿಗುವ ಚಪ್ಪಟೆ ಮೂಳೆಯ ಮೇಲೆ ಅಂಗೈಯ ಬುಡ ಇಡಿ. ಇನ್ನೊಂದು ಕೈಯಿಂದ ಸೊಂಟದ ಮುಂಭಾಗವನ್ನು ಹಿಡಿದುಕೊಳ್ಳಿ. ನೋವು ಏರುತ್ತಿದ್ದಂತೆ ಮೈಭಾರ ಬಿಟ್ಟು ಒಂದೇ ಸಮನೆ ಒತ್ತಿ, ಇಳಿದಾಗ ಸಡಿಲಿಸಿ. ‘ಇನ್ನೂ ಕೆಳಗೆ’, ‘ಇನ್ನೂ ಜೋರಾಗಿ’ ಎಂದು ಅವಳೇ ಹೇಳುತ್ತಾಳೆ. ಅವಳ ಮಾತೇ ಅಳತೆ. ಒಂದು ಜಾಗಕ್ಕೆ ಒತ್ತಿದ್ದು ಸಾಲದಿದ್ದರೆ ಎರಡೂ ಪಿರ್ರೆಗಳ ಮೇಲೆ ಅಂಗೈಯಿಟ್ಟು ನಡುವಿನ ಕಡೆಗೆ ಅಮುಕಬಹುದು. ನೋವಿನ ಮಧ್ಯೆ ಬಿಡುವಾದಾಗ ಎಣ್ಣೆ ಸವರಿ ನೀವಬಹುದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಶಾಖ ಕೊಡಬಹುದು. ಬಿಸಿ ಎಷ್ಟಿದೆಯೆಂದು ಮೊದಲು ನಿಮ್ಮ ಮುಂಗೈಗೆ ಮುಟ್ಟಿಸಿ ನೋಡಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದ್ದರೆ ಶಾಖ ಬೇಡ, ಸುಟ್ಟರೂ ಗೊತ್ತಾಗದು. ಮಂಡಿಯೂರಿ ಕೈಗಳ ಮೇಲೆ ಬಾಗಿದರೂ ಸೊಂಟಕ್ಕೆ ಹಗುರ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದ 2018ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ, ನೋವು ಕಡಿಮೆ ಮಾಡಿ ಎಂದು ಕೇಳುವ ಆರೋಗ್ಯವಂತ ಗರ್ಭಿಣಿಗೆ ನೀವುವುದು, ಶಾಖ ಕೊಡುವುದು ಆಗಬಹುದು ಎಂದಿತು. ಮಗು ಬೇಗ ಬರಲೆಂದು ಹೊಟ್ಟೆಯನ್ನು ಮೇಲಿನಿಂದ ಒತ್ತುವುದು ಮಾತ್ರ ಬೇಡ ಎಂದಿತು. ಕೈ ಬೆನ್ನಿಗೆ, ಹೊಟ್ಟೆಗಲ್ಲ.

ರಕ್ತ ಹೋದರೆ, ಗರ್ಭದ ನೀರು ಹಸಿರಾಗಿದ್ದರೆ, ನಡುವೆ ಬಿಡುವೇ ಇಲ್ಲದೆ ನೋವು ಒಂದೇ ಸಮನೆ ಕಾಡಿದರೆ ಒತ್ತುತ್ತಾ ಕೂರದೆ ಕೂಡಲೇ ನರ್ಸ್‌ಗೆ ಹೇಳಿ. ಜೊತೆಗೆ ಯಾರು ಒಳಗೆ ಹೋಗುವುದೆಂದು ತಿಂಗಳು ಮುಂಚೆಯೇ ತೀರ್ಮಾನಿಸಿ. ತಪಾಸಣೆಯ ದಿನ ಅವರನ್ನೂ ಕರೆದೊಯ್ದು, ಒತ್ತುವ ಜಾಗ ಯಾವುದೆಂದು ನರ್ಸ್ ಹತ್ತಿರ ತೋರಿಸಿಕೊಳ್ಳಿ.